ಸ್ಕಾರ್‌ಬೆಕ್ ಕಣಿವೆಗೆ ಬೀಳದ ಮತ

ನಾನು ಪಾದ್ರಿಯಾಗಿದ್ದ ಸ್ಕಾರ್‌ಬೆಕ್ ಕಣಿವೆಯ ಮೇಲೆ ಈಗ ನೀರು ನಿಂತಿದೆ. ಗಾಳಿಯಿಲ್ಲದ ದಿನ ದಂಡೆಯಲ್ಲಿ ಕೂತರೆ ಮನಸ್ಸು ತಾನಾಗಿ ಪ್ರಾರ್ಥನೆಗೆ ತಿರುಗುವಷ್ಟು ಚಂದದ ನೀರು. ಅದನ್ನು ಚಂದ ಅನ್ನುವುದಕ್ಕೆ ನನಗೆ ಬಹಳ ವರ್ಷ ಬೇಕಾಯಿತು. ದೇವರು ನೀರಿಗೆ ಕೆಟ್ಟ ಬುದ್ಧಿ ಕೊಟ್ಟಿಲ್ಲ. ತಗ್ಗು ಕಂಡಲ್ಲಿ ತುಂಬುವುದು ಅದರ ಧರ್ಮ. ಇಲ್ಲಿ ಅದನ್ನು ತಂದು ನಿಲ್ಲಿಸಿದವರು ಮನುಷ್ಯರು, ಅದೂ ಕೆಟ್ಟವರಲ್ಲದ ಮನುಷ್ಯರು. ನನ್ನನ್ನು ಕಾಡಿದ್ದು ಅದೇ.

ಯುದ್ಧ ಮುಗಿದು ಕೆಲವು ವರ್ಷಗಳಾಗಿದ್ದವು. ತೆಂಕಣ ಗಿರಣಿ ಪಟ್ಟಣಗಳಿಗೆ ಕುಡಿಯುವ ನೀರು ಸಾಲದೆಂದು ನಮ್ಮ ಕಣಿವೆಯ ಬಾಯಿಗೆ ಅಣೆಕಟ್ಟು ಕಟ್ಟುವ ಮಸೂದೆ ಲಂಡನ್ನಿನ ಪಾರ್ಲಿಮೆಂಟಿಗೆ ಬಂತು. ಅದು ಪಾಸಾದರೆ ಹೊಲ, ಮನೆ, ಕುರಿದೊಡ್ಡಿ, ಚರ್ಚು, ಚರ್ಚಿನ ಅಂಗಳದ ಗೋರಿಗಳು ಎಲ್ಲವೂ ಮುಳುಗಡೆ. ಬಿದ್ದುಹೋದರೆ ನಾವು ಉಳಿಯುತ್ತೇವೆ. ಆಗ ಆಡಳಿತ ಪಕ್ಷಕ್ಕಿದ್ದ ಬಹುಮತ ಕೂದಲೆಳೆಯಷ್ಟು. ಆದ್ದರಿಂದ ನಮ್ಮ ಜನಕ್ಕೆ ಆಸೆಯಿತ್ತು.

ಆಸೆಗೆ ಇನ್ನೊಂದು ಕಾರಣ ನಮ್ಮ ಸಂಸದರು, ಲೇಟನ್ ಹೆಸ್ಕೆತ್. ಅವರದು ವಿರೋಧ ಪಕ್ಷ. ಗುಡ್ಡದ ಮೇಲಿನ ದೊಡ್ಡ ಮನೆಯವರು. ಅವರ ತಂದೆಯೂ ಅಜ್ಜನೂ ಇದೇ ಕಣಿವೆಯ ಮತದಿಂದ ಪಾರ್ಲಿಮೆಂಟಿಗೆ ಹೋದವರು. ಮೂವರೂ ಓದಿದ್ದು ಥಾರ್ನ್‌ಮಿನ್‌ಸ್ಟರ್ ಶಾಲೆಯಲ್ಲಿ. ಆ ಶಾಲೆಯ ಹಳೇ ಹುಡುಗರು ಇಲ್ಲದ ಮಂತ್ರಿಮಂಡಲ ಈ ದೇಶದಲ್ಲಿ ಆದದ್ದೇ ಇಲ್ಲವೆಂದು ಜನ ಹೇಳುತ್ತಿದ್ದರು. ಆಡಳಿತದ ಬೆಂಚಿನಲ್ಲೂ ಅವರೇ, ವಿರೋಧದ ಬೆಂಚಿನಲ್ಲೂ ಅವರೇ. ಹಗಲು ಸಭೆಯಲ್ಲಿ ಒಬ್ಬರ ಮೇಲೊಬ್ಬರು ಹರಿಹಾಯ್ದು, ಸಂಜೆ ಒಂದೇ ಮೇಜಿಗೆ ಕೂತು ಚಿಕ್ಕಂದಿನ ಅಡ್ಡಹೆಸರು ಹಿಡಿದು ಕರೆದುಕೊಳ್ಳುತ್ತಿದ್ದರು.

ಹೆಸ್ಕೆತ್ ಚರ್ಚಿನ ಪಕ್ಕದ ಸಭಾಮನೆಗೆ ಬಂದು ನಿಂತು, "ನನ್ನ ಮತ ಈ ಮಸೂದೆಗೆ ವಿರುದ್ಧ. ಅದನ್ನ ನೀವು ನಂಬ್ಕೊಂಡಿರಬಹುದು" ಅಂದಾಗ ಮುದುಕರು ಬೂಟಿನಿಂದ ನೆಲ ತಟ್ಟಿದರು. ಹೊಳೆದಂಡೆಯ ಹೊಲಮನೆಯ ವಿಧವೆ ಆಗ್ನೆಸ್ ಥ್ರೆಲ್ಕೆಲ್ಡ್ ಸಂಸದರಿಗೆ ಶುಂಠಿ ಕೇಕ್ ಕೊಯ್ದುಕೊಟ್ಟಳು. ಅವಳ ಗಂಡ ಮತ್ತು ಯುದ್ಧದಲ್ಲಿ ಗಾಯಗೊಂಡು ಮನೆಗೆ ಬಂದು ಸತ್ತ ಮಗ ಇಬ್ಬರೂ ಚರ್ಚಿನ ಅಂಗಳದಲ್ಲೇ ಮಲಗಿದ್ದರು. ಉಳಿದವರಿಗೆ ಹೋಗುವುದು ಹೊಲಮನೆ. ಅವಳಿಗೆ ಅದಕ್ಕಿಂತ ಹೆಚ್ಚಿನದು.

ಮತ ಹಾಕುವ ದಿನ ಗೊತ್ತಾಯಿತು. ಆಗ್ನೆಸ್, ಕುರಿಗಾರ ಜಾಸ್ ಬರ್ಕೆಟ್, ನಾನು ಮೂವರೂ ಊರಿನ ಪರವಾಗಿ ರೈಲು ಹತ್ತಿದೆವು. ಪ್ರಯಾಣದುದ್ದಕ್ಕೂ ಜಾಸ್ ಕಿಟಕಿಯಾಚೆಯ ಕುರಿಗಳಿಗೆ ಬೆಲೆ ಕಟ್ಟುತ್ತ ಬಂದ.

"ತೆಂಕಣದ ಕುರಿ ನೋಡು ಆಗ್ನೆಸ್, ಅಂಗಡಿ ದಿಂಬಿನ ಹಾಗಿದಾವೆ. ಒಂದು ಗುಡ್ಡ ಹತ್ತಿಸಿದರೆ ಉಸಿರು ಬಿಡ್ತಾವೆ."

"ನೀನು ಪಾರ್ಲಿಮೆಂಟಿನ ಮೆಟ್ಲು ಹತ್ತು ಸಾಕು," ಅಂದಳು ಆಗ್ನೆಸ್.

ಪಾರ್ಲಿಮೆಂಟಿನ ದೊಡ್ಡ ಹಜಾರದಲ್ಲಿ ಹೆಸ್ಕೆತ್ ನಮಗಾಗಿ ಕಾದಿದ್ದರು. ನಮ್ಮನ್ನು ಕಲ್ಲಿನ ಬೆಂಚಿನ ಮೇಲೆ ಕೂರಿಸಿದರು, ತಾವು ಕೂರಲಿಲ್ಲ. ಕೂರದೆ ಮಾತಾಡುವವರ ಬಾಯಿಂದ ಒಳ್ಳೆಯ ಸುದ್ದಿ ಬರುವುದು ಕಡಿಮೆ.

"ನಾನು ಈ ಸಂಜೆ ಮತ ಹಾಕೋಕಾಗಲ್ಲ," ಅಂದರು.

ಆಮೇಲೆ ವಿವರಿಸಿದರು. ಸಭೆಗೆ ಬರಲಾಗದ ಸಂಸದನೊಬ್ಬ ಎದುರು ಪಕ್ಷದವನೊಬ್ಬನ ಜೊತೆ ಜೋಡಿ ಕಟ್ಟಿಕೊಳ್ಳುವುದು ಅಲ್ಲಿನ ಪದ್ಧತಿ. ಒಬ್ಬ ಗೈರಾದರೆ ಇನ್ನೊಬ್ಬನೂ ಮತ ಹಾಕುವುದಿಲ್ಲ, ಲೆಕ್ಕ ಸರಿಹೋಗುತ್ತದೆ. ಹೆಸ್ಕೆತ್ತರ ಜೋಡಿ ಆಡಳಿತ ಪಕ್ಷದ ಪಿಯರ್ಸ್ ಆಲರ್ಡೈಸ್, ಥಾರ್ನ್‌ಮಿನ್‌ಸ್ಟರಿನಲ್ಲಿ ಜೊತೆಗೆ ಬೆಳೆದವರು. ಆಲರ್ಡೈಸರ ಮಗಳಿಗೆ ಶ್ವಾಸಕೋಶದ ಕಾಯಿಲೆ ಏರಿ, ಅವಳು ಸ್ವಿಟ್ಜರ್ಲೆಂಡಿನ ಆಸ್ಪತ್ರೆಯಲ್ಲಿದ್ದಳು. ಅವರು ಹೆಂಡತಿಯೊಂದಿಗೆ ಅಲ್ಲಿಗೆ ಹೊರಟಾಗ ಹೆಸ್ಕೆತ್ ಈ ವಾರ ಪೂರ್ತಿ ತಾವೂ ಮತ ಹಾಕುವುದಿಲ್ಲವೆಂದು ಮಾತು ಕೊಟ್ಟಿದ್ದರು. ನಮ್ಮ ಮಸೂದೆ ಇದೇ ವಾರಕ್ಕೆ ಬರುತ್ತದೆಂದು ಆಗ ಇಬ್ಬರಿಗೂ ತಿಳಿದಿರಲಿಲ್ಲ.

ಜಾಸ್ ಟೋಪಿಯನ್ನು ಮಂಡಿಯ ಮೇಲೆ ತಿರುಗಿಸಿದ. "ಅಂದ್ರೆ ಸಾಹೇಬ್ರೆ, ಒಬ್ಬನ ನಾಯಿಗೆ ಹುಷಾರಿಲ್ಲ ಅಂತ ಇನ್ನೊಬ್ಬ ತನ್ನ ನಾಯೀನೂ ಕಟ್ಟಾಕ್ದಂಗೆ. ಕುರಿ ಕಾಯೋರ್ಯಾರು?"

"ಅವನು ಇಲ್ಲಿದ್ದಿದ್ರೆ ಮಸೂದೆ ಪರ ಹಾಕ್ತಿದ್ದ, ನಾನು ವಿರುದ್ಧ. ಒಂದಕ್ಕೊಂದು ವಜಾ. ಈಗಲೂ ಹಾಗೇನೆ. ಏನೂ ವ್ಯತ್ಯಾಸ ಆಗಲ್ಲ ಬರ್ಕೆಟ್."

"ಆದ್ರೆ ಅವರು ಇಲ್ಲಿಲ್ಲವಲ್ಲ. ನೀವು ಇದೀರ," ಅಂದಳು ಆಗ್ನೆಸ್.

"ಅವನ ಮಗು ಹಾಸಿಗೆ ಹಿಡಿದಿರೋದನ್ನ ನೋಡ್ಕೊಂಡು, ಆ ಸಂದಲ್ಲಿ ನುಗ್ಗಿ ಗೆಲ್ಲು ಅಂತೀಯಾ?"

ಹಾಸಿಗೆ ಹಿಡಿದ ಮಗ ಆಗ್ನೆಸಳಿಗೂ ಇದ್ದ. "ನಾನು ಹಾಗನ್ನಲ್ಲ," ಅಂದಳು. "ಅವರಿಗೆ ಏನಾದ್ರೂ ಬರೆದುಕೊಟ್ಟಿದೀರಾ?"

"ಇದು ಬರೆದುಕೊಡೋ ವಿಷಯ ಅಲ್ಲಮ್ಮ. ಬಾಯಿಮಾತು. ಈ ಸಭೆ ನಡೀತಿರೋದೇ ಅದರ ಮೇಲೆ."

"ನಮಗೂ ಬಾಯಿಮಾತೇ ಕೊಟ್ರಿ. ನನ್ನ ಕೇಕು ಬಾಯಲ್ಲಿಟ್ಕೊಂಡೇ ಕೊಟ್ರಿ."

"ವಿರೋಧಿಸ್ತೀನಿ ಅಂದಿದ್ದೆ, ವಿರೋಧಿಸಿದೀನಿ. ಎರಡು ಸಲ ಎದ್ದುನಿಂತು ಮಾತಾಡಿದೀನಿ. ಆದ್ರೆ ಅವನಿಗೆ... ನೋಡು, ಅವನಿಗೆ ನಾನು ಮಾತು ಕೊಟ್ಟಿದೀನಿ."

"ಹಾಗಾದ್ರೆ ನಮಗೆ ಕೊಟ್ಟಿದ್ದೇನು?"

ಹೆಸ್ಕೆತ್ ಸುಳ್ಳಾಡುವ ಮನುಷ್ಯರಲ್ಲ. ಆ ಪ್ರಶ್ನೆಯನ್ನು ಅದುವರೆಗೆ ಯಾರೂ ಅವರಿಗೆ ಕೇಳಿರಲಿಲ್ಲವೆಂದು ಅವರ ಮುಖವೇ ಹೇಳುತ್ತಿತ್ತು.

ಆಗ್ನೆಸ್ ನನ್ನತ್ತ ತಿರುಗಿದಳು. "ಪಾದ್ರಿಗಳೇ, ನೀವು ಒಂದು ಮಾತು ಹೇಳಿ. ನಮ್ಮ ಮಾತು ಇವರ ಕಿವಿ ತನಕ ಬರುತ್ತೆ, ಒಳಗೆ ಹೋಗಲ್ಲ."

ನಾನು ಹೆಸ್ಕೆತ್ತರ ಜೊತೆ ನದಿಯ ಕಡೆಯ ಜಗಲಿಗೆ ಹೋದೆ. ಥೇಮ್ಸ್ ಕಂದುಬಣ್ಣಕ್ಕೆ ತಿರುಗಿ ಇಳಿಯುತ್ತಿತ್ತು. ಕಲ್ಲಿದ್ದಲು ತುಂಬಿದ ದೋಣಿಯೊಂದು ನಿಧಾನ ಸಾಗುತ್ತಿತ್ತು. ಸ್ವಿಟ್ಜರ್ಲೆಂಡಿಗೆ ತಂತಿ ಕೊಟ್ಟು ಕೇಳಬಾರದೇ, ಅವರಾಗಿ ಬಿಟ್ಟುಕೊಟ್ಟರೆ ನೀವು ಮಾತು ತಪ್ಪಿದ ಹಾಗಾಗುವುದಿಲ್ಲವಲ್ಲ, ಅಂದೆ.

"ಕೇಳಿದ್ರೆ ಬಿಟ್ಟುಕೊಡ್ತಾನೆ," ಅಂದರು ಹೆಸ್ಕೆತ್. "ಅದಕ್ಕೇ ಕೇಳಬಾರದು."

"ಅದು ನನಗೆ ಅರ್ಥವಾಗಲಿಲ್ಲ."

"ಅಲ್ಲಿ ಓದದೇ ಇದ್ದೋರಿಗೆ ಆಗಲ್ಲ ಪಾದ್ರಿಗಳೇ. ಬೇಜಾರು ಮಾಡ್ಕೋಬೇಡಿ." ಕಲ್ಲಿನ ಕಟ್ಟೆಗೆ ಮೊಣಕೈ ಊರಿ ಅವರು ದೋಣಿಯನ್ನೇ ನೋಡುತ್ತಿದ್ದರು. "ಎಂಟು ವರ್ಷಕ್ಕೆ ತಾಯಿಂದ ಬಿಡಿಸಿ ತಂದು ಅಲ್ಲಿ ಬಿಡ್ತಾರೆ. ಅತ್ರೆ ಹೊಡೆತ. ಅಳೋದನ್ನ ಯಾರಾದ್ರೂ ಮೇಷ್ಟ್ರಿಗೆ ಹೇಳಿದ್ರೆ ಇನ್ನೂ ಹೊಡೆತ. ಅಪ್ಪ ಇಲ್ಲ, ಅಮ್ಮ ಇಲ್ಲ, ಊರಿಲ್ಲ. ಇರೋದು ಪಕ್ಕದ ಮಂಚದ ಹುಡುಗ ಒಬ್ಬನೇ. ನನ್ನ ಪಕ್ಕದ ಮಂಚ ಕಪ್ಪೇದು."

"ಕಪ್ಪೆ?"

"ಆಲರ್ಡೈಸ್. ನಾನು ಕಾಗೆ. ಒಂದು ಸಲ ನಾನು ಒಡೆದ ಗಾಜಿಗೆ ಅವನು ಬೆತ್ತ ತಿಂದ. ತಾನಲ್ಲ ಅಂತ ಒಂದು ಮಾತು ಹೇಳಿದ್ರೆ ಸಾಕಿತ್ತು. ಹೇಳಲಿಲ್ಲ. ಆಮೇಲೆ ಅದರ ಬಗ್ಗೆ ನಾವಿಬ್ಬರೂ ಮಾತೇ ಆಡಿಲ್ಲ. ಪಕ್ಷಗೀಕ್ಷ ಎಲ್ಲಾ ಆಮೇಲೆ ಬಂದದ್ದು ಪಾದ್ರಿಗಳೇ."

ಬೂದು ಮೀಸೆಯ ಆ ಮನುಷ್ಯನಲ್ಲಿ ನನಗೆ ಆ ಹೊತ್ತು ಕಂಡದ್ದು ಅಳು ನುಂಗಿಕೊಂಡು ಮಲಗಿದ ಮಗು. ಕರುಣೆ ಬಂತು. ಕರುಣೆಯ ಬೆನ್ನಿಗೇ ಭಯವೂ ಬಂತು. ಈ ದೇಶವನ್ನು ಆಳುವವರಲ್ಲಿ ಎಷ್ಟು ಮಂದಿ ಇನ್ನೂ ಆ ಮಂಚಗಳ ಮೇಲೇ ಮಲಗಿದ್ದಾರೋ, ಪಕ್ಕದ ಮಂಚದಾಚೆಗೆ ಲೋಕವಿದೆ ಎಂಬುದನ್ನು ಅವರಿಗೆ ಯಾರು ಹೇಳಿದ್ದಾರೋ ಅನ್ನಿಸಿತು.

"ತನಗೆ ನಷ್ಟವಾದರೂ ಮಾತು ತಪ್ಪದವನನ್ನು ದೇವರು ಮೆಚ್ಚುತ್ತಾನೆ ಅಂತ ನಾನೇ ವೇದಿಕೆ ಮೇಲೆ ನಿಂತು ಹೇಳಿದ್ದೇನೆ," ಅಂದೆ. "ನೀವೂ ಕೇಳಿದ್ದೀರಿ. ಆದರೆ ಈಗ ನಷ್ಟ ನಿಮ್ಮದಲ್ಲ. ನಿಮ್ಮ ಮನೆ ಗುಡ್ಡದ ಮೇಲಿದೆ."

ಅವರು ಕಟ್ಟೆಯಿಂದ ಮೊಣಕೈ ತೆಗೆದರು. "ಅದು ನಿಜ," ಅಂದರು. "ನಿಜ ಅಂತ ಗೊತ್ತಾದ್ಮೇಲೂ ನನ್ನ ಕೈಲಿ ಆಗ್ತಿಲ್ಲ. ಕಾಲೇ ಏಳಲ್ಲ."

ತಂತಿ ಕೊಡಲಿಲ್ಲ.

ಸಂಜೆ ಆಗ್ನೆಸ್, ಜಾಸ್, ನಾನು ಮೇಲಿನ ಗ್ಯಾಲರಿಯಲ್ಲಿ ಕೂತಿದ್ದೆವು. ಗಂಟೆ ಬಾರಿಸಿತು. ಸಂಸದರು ಪರಕ್ಕೊಂದು, ವಿರುದ್ಧಕ್ಕೊಂದು ಎಂದಿದ್ದ ಎರಡು ಬಾಗಿಲಿಗೆ ಹಂಚಿಹೋದರು. ಕೆಲವರು ನಗುತ್ತಿದ್ದರು, ಒಬ್ಬ ಆಕಳಿಸುತ್ತಿದ್ದ. ಆಗ್ನೆಸ್ ಕೈಗವಸು ಕಳಚಿ ತೊಡೆಯ ಮೇಲೆ ಅಂಗೈ ಬಿಚ್ಚಿಟ್ಟುಕೊಂಡು ಕೂತಳು. ಎಣಿಸಿದವರು ಬಂದು ತಲೆಬಾಗಿ ಲೆಕ್ಕ ಓದಿದರು. ಮಸೂದೆ ಒಂದೇ ಒಂದು ಮತದಿಂದ ಪಾಸಾಗಿತ್ತು.

ಕೆಳಗಿಳಿದಾಗ ಹೆಸ್ಕೆತ್ ಅದೇ ಕಲ್ಲಿನ ಬೆಂಚಿನ ಬಳಿ ನಿಂತಿದ್ದರು.

"ಎಷ್ಟರಲ್ಲಿ?" ಅಂದರು.

"ಒಂದರಲ್ಲಿ," ಅಂದೆ.

ಅವರ ಕೈ ಬೆಂಚಿನ ಬೆನ್ನನ್ನು ಹಿಡಿದುಕೊಂಡಿತು. ಅವರು ಹೋಗಿ ವಿರುದ್ಧ ಹಾಕಿದ್ದರೆ ಎರಡು ಕಡೆಯೂ ಸಮವಾಗುತ್ತಿತ್ತು. ಸಮವಾದರೆ ಸಭಾಧ್ಯಕ್ಷರು ಇದ್ದದ್ದು ಇದ್ದ ಹಾಗೆ ಇರಲೆಂದು ಮಸೂದೆಯ ವಿರುದ್ಧ ಹಾಕುವುದು ಸಂಪ್ರದಾಯ. ಕಣಿವೆ ಉಳಿಯುತ್ತಿತ್ತು. ಅದನ್ನು ಜಾಸನಿಗೆ ಬಿಡಿಸಿ ಹೇಳಿದವರೂ ಹೆಸ್ಕೆತ್ತರೇ, ಒಂದಕ್ಷರ ಮುಚ್ಚಿಡದೆ. ಜಾಸ್ ಪೂರ್ತಿ ಕೇಳಿಸಿಕೊಂಡು, "ನಡೀರಿ, ರೈಲು ಹೋಗುತ್ತೆ" ಎಂದಷ್ಟೇ ಅಂದ.

ಮುಂದಿನ ಬೇಸಿಗೆಯಲ್ಲಿ ಗೋರಿಗಳನ್ನು ಅಗೆದರು. ಕ್ಯಾನ್ವಾಸಿನ ಮರೆ ಕಟ್ಟಿ, ಪೆಟ್ಟಿಗೆಗಳನ್ನು ಲಾರಿಯಲ್ಲಿ ಪಟ್ಟಣದ ಸ್ಮಶಾನಕ್ಕೆ ಸಾಗಿಸಿದರು. ನಾನು ಪ್ರತಿಯೊಂದರ ಜೊತೆಗೂ ಹೋದೆ. ಆಗ್ನೆಸ್ ಗಂಡನ ಪೆಟ್ಟಿಗೆಯ ಜೊತೆ ಒಂದು ಸಲ, ಮಗನ ಪೆಟ್ಟಿಗೆಯ ಜೊತೆ ಇನ್ನೊಂದು ಸಲ ಬಂದಳು. ಒಬ್ಬ ಮನುಷ್ಯನನ್ನು ಎರಡು ಸಲ ಹೂಳುವಾಗ ಹೇಳಲು ನಮ್ಮಲ್ಲಿ ಬೇರೆ ಪ್ರಾರ್ಥನೆ ಇಲ್ಲ. ಮೊದಲಿನದ್ದನ್ನೇ ಹೇಳಿದೆ.

ಚರ್ಚಿನ ಕೊನೆಯ ಭಾನುವಾರ ಹೆಸ್ಕೆತ್ ಬಂದರು. ಜೊತೆಗೆ ಎತ್ತರದ, ಮೃದು ಮುಖದ ಇನ್ನೊಬ್ಬರು. ಆಲರ್ಡೈಸ್. ಮಗಳು ಗುಣವಾಗಿ ಮನೆಗೆ ಬಂದಿದ್ದಳು; ಕಣಿವೆಯವರನ್ನು ಕಂಡು ಕೃತಜ್ಞತೆ ಹೇಳಬೇಕೆಂದು ಅವರಾಗಿಯೇ ಹೊರಟು ಬಂದಿದ್ದರು. ಅದು ಸಭ್ಯತೆಯೇ, ಸಂದೇಹವಿಲ್ಲ. ಆದರೆ ಮನೆ ಕಳೆದುಕೊಂಡವರ ಬಾಗಿಲಿಗೆ ಬಂದು ಥ್ಯಾಂಕ್ಸ್ ಹೇಳಬಹುದೆಂದು ಆ ಶಾಲೆಯವರಿಗೆ ಮಾತ್ರ ಹೊಳೆಯಬಹುದು.

ಚರ್ಚಿನ ಬಾಗಿಲಲ್ಲಿ ಆಲರ್ಡೈಸ್ ಟೋಪಿ ತೆಗೆದು ಆಗ್ನೆಸಳ ಮುಂದೆ ನಿಂತರು. "ಶ್ರೀಮತಿ ಥ್ರೆಲ್ಕೆಲ್ಡ್, ಮತದ ವಿಷಯ ಆಮೇಲೆ ಗೊತ್ತಾಯ್ತು. ಇವನು ಒಂದು ಮಾತು ಕೇಳಿದ್ರೆ ನಾನು ಆ ಕ್ಷಣಾನೇ ಬಿಟ್ಟುಕೊಡ್ತಿದ್ದೆ. ನಿಮಗೆ ಅದು ತಿಳಿದಿರಲಿ ಅಂತ."

"ಮಸೂದೆ ಯಾವತ್ತು ಬರುತ್ತೆ ಅಂತ ಅಲ್ಲಿ ಪೇಪರಲ್ಲಿ ಬಂದಿರಲಿಲ್ವಾ ಸಾರ್?"

ಆಲರ್ಡೈಸ್ ಟೋಪಿಯ ಅಂಚನ್ನು ಸವರಿದರು. "ಬಂದಿತ್ತು," ಅಂದರು.

"ಹಾಗಾದ್ರೆ ಅವರು ಕೇಳದೇನೇ ನೀವು ಬಿಡಬಹುದಿತ್ತು."

"ಮಗು ಹಾಗಿರೋವಾಗ... ನನಗೆ ತೋಚಲಿಲ್ಲ."

"ಅದು ಸರಿ. ಮಗು ಹಾಗಿರೋವಾಗ ಏನೂ ತೋಚಲ್ಲ." ಆಗ್ನೆಸ್ ಅವರ ಮುಖ ನೋಡಿದಳು. "ಹೆಸರೇನು ಹುಡುಗೀದು?"

"ರೋಸಮಂಡ್."

"ಆ ಮಗು ಮೇಲೆ ಇಲ್ಲಿ ಯಾರಿಗೂ ಕೋಪ ಇಲ್ಲ ಅಂತ ಹೇಳಿ. ಯಾವತ್ತಾದ್ರೂ ಯಾರಾದ್ರೂ ಏನಾದ್ರೂ ಅಂದಾರು, ಮೊದಲೇ ಹೇಳಿಬಿಡಿ." ಆಮೇಲೆ ಹೆಸ್ಕೆತ್ ಕಡೆ ತಿರುಗಿ, ಹವಾಮಾನದ ಮಾತಾಡುವ ದನಿಯಲ್ಲೇ ಅಂದಳು: "ನಿಮ್ಮ ಮೇಲೆ ಇದೆ ಸಾಹೇಬ್ರೆ. ಇಲ್ಲ ಅಂದ್ರೆ ಸುಳ್ಳಾಗುತ್ತೆ."

"ಗೊತ್ತು," ಅಂದರು ಹೆಸ್ಕೆತ್.

ಅವರ ಮನೆತನಕ್ಕೆ ಮೀಸಲಾಗಿದ್ದ ಮುಂದಿನ ಬೆಂಚಿನಲ್ಲಿ ಜಾಸ್ ಬರ್ಕೆಟ್ ಕೂತಿದ್ದ. ಅಲ್ಲಿ ಬೇರೆಯವರು ಕೂತದ್ದನ್ನು ನಾನು ಕಂಡಿರಲಿಲ್ಲ. ಜಾಸ್ ಏಳಲಿಲ್ಲ, ತಿರುಗಿಯೂ ನೋಡಲಿಲ್ಲ. ಹೆಸ್ಕೆತ್ ಆರಾಧನೆ ಮುಗಿಯುವ ತನಕ ಹಿಂದಿನ ಗೋಡೆಗೆ ಒರಗಿ ನಿಂತರು, ಆಲರ್ಡೈಸ್ ಅವರ ಪಕ್ಕದಲ್ಲಿ, ಶಾಲೆಯಲ್ಲಿ ಶಿಕ್ಷೆಗೆ ನಿಲ್ಲಿಸಿದ ಇಬ್ಬರು ಹುಡುಗರ ಹಾಗೆ.

ಯೇಸುವಿನ ಕೊನೆಯ ಊಟದ ನೆನಪಿಗೆ ರೊಟ್ಟಿ ದ್ರಾಕ್ಷಾರಸ ಕೊಡುವ ಹೊತ್ತು ಬಂತು. ಜನ ಸಾಲಾಗಿ ಬಂದು ಬಲಿಪೀಠದ ಮರದ ಕಟಾಂಜನದ ಮುಂದೆ ಮಂಡಿಯೂರಿದರು. ಹೆಸ್ಕೆತ್ ಕೊನೆಯವರಾಗಿ ಬಂದು ಒಂದು ತುದಿಯಲ್ಲಿ ಊರಿದರು. ಅವರ ಪಕ್ಕದ ಜಾಗ ಖಾಲಿ ಉಳಿಯಿತು. ಯಾರೂ ಅಲ್ಲಿಗೆ ಬರಲಿಲ್ಲ. ಆಗ್ನೆಸ್ ಇನ್ನೂ ತನ್ನ ಬೆಂಚಿನಲ್ಲೇ ಇದ್ದಳು. ಅವಳು ಬಾರದಿದ್ದರೆ ನಾನು ದೂರುತ್ತಿರಲಿಲ್ಲ. ಕೋಪ ಇಟ್ಟುಕೊಂಡು ಇಲ್ಲಿಗೆ ಬರಬೇಡಿ ಅಂತ ಪ್ರತಿ ವರ್ಷ ಹೇಳುತ್ತಿದ್ದವನು ನಾನೇ.

ಅವಳು ಎದ್ದು ಬಂದಳು. ನಿಧಾನಕ್ಕೆ ಮಂಡಿಯೂರಿ, ಅಂದು ಲಂಡನ್ನಿನಲ್ಲಿ ಇಟ್ಟುಕೊಂಡಿದ್ದಂತೆಯೇ ಅಂಗೈ ಬಿಚ್ಚಿ ಹಿಡಿದಳು. ಮುಖದಲ್ಲಿ ಕೋಪ ಹಾಗೇ ಇತ್ತು. ಅದನ್ನು ಬಚ್ಚಿಡುವ ಪ್ರಯತ್ನವನ್ನೂ ಅವಳು ಮಾಡಲಿಲ್ಲ. ನಾನು ಅವಳ ಕೈಗೆ ರೊಟ್ಟಿಯ ತುಂಡು ಇಟ್ಟೆ. ಹೆಸ್ಕೆತ್ತರ ಕೈಗೂ ಇಟ್ಟೆ. ಏಳುವಾಗ ಆಗ್ನೆಸಳ ಮಂಡಿ ಹಿಡಿದುಕೊಂಡಿತು. ಹೆಸ್ಕೆತ್ ತೋಳು ಚಾಚಿದರು. ಅವಳು ಅದನ್ನು ನೋಡಿದಳು, ಕಟಾಂಜನವನ್ನೇ ಹಿಡಿದು ಎದ್ದಳು, ತನ್ನ ಜಾಗಕ್ಕೆ ಹೋಗಿ ಕೂತಳು.