ಹುಲ್ಲುಕಡ್ಡಿಯ ಪಂದ್ಯ

ಕೊತ್ತತ್ತಿಯ ಮರಿಯಯ್ಯನ ಮನೆಯಲ್ಲಿ ಹೊಸ ಎತ್ತಿಗೆ ಮೊದಲು ತೊಡೆಗೆ ಬರೆ, ಆಮೇಲೆ ಹೆಗಲಿಗೆ ನೊಗ. ಬರೆ ಬೀಳದ ಎತ್ತಿಗೆ ಕಸುವಿಲ್ಲ ಎಂದು ಅವನ ತಾತ ಹೇಳಿದ್ದನಂತೆ. ಈ ಸಲದ ಬಿಳಿ ಎತ್ತು ಮಾತ್ರ ಅವನ ಹೆಂಡತಿ ಹೊಂಬಾಳಮ್ಮ ತವರಿನಿಂದ ತಂದು ಸಾಕಿದ ಕರು. ಹಾಗಾಗಿ ಜರ್ಮನಿಯ ಯುದ್ಧ ನಿಂತರೂ ಈ ಮನೆಯ ಯುದ್ಧ ನಿಂತಿರಲಿಲ್ಲ.

ಬರೆ ಹಾಕುವ ಕೆಂಪಸಿದ್ದಯ್ಯ ಕೊಟ್ಟಿಗೆಯ ಮುಂದೆ ಕುಳಿತು ನೇಗಿಲ ಕುಳ ಕಾಯಿಸುತ್ತಿದ್ದ. ಹೊಂಬಾಳಮ್ಮ ಎತ್ತಿಗೆ ಅಡ್ಡ ನಿಂತಳು.

"ಇದ್ರ ಮೈಗೆ ಬೆಂಕಿ ಮುಟ್ಸಾಕೆ ನಾ ಬುಡಾಕಿಲ್ಲ."

ಮರಿಯಯ್ಯ ನಕ್ಕ. "ದನದ ತೊಗ್ಲು ಕಣಮ್ಮಿ, ಅದ್ಕೇನು ಗೊತ್ತಾದದು? ನಂಗೇ ಉರಿಯಾಕಿಲ್ಲ, ನೋಡು!"

ಮುಂದೋಳು ಚಾಚಿದ. ಹಿಂದಿನ ದಿನ ಒಲೆಯ ಕೆಂಡ ತಾಗಿ ಬೊಬ್ಬೆ ಎದ್ದಿತ್ತು. ಅವಳು ತೋರಿಸುವವರೆಗೂ ಅವನಿಗೆ ಅದು ತಿಳಿದೇ ಇರಲಿಲ್ಲ. ಗಂಡಸಿನ ಮೈ ಎಂದರೆ ಹೀಗಿರಬೇಕು ಎಂದು ಊರೆಲ್ಲ ಜಂಬ ಕೊಚ್ಚಿಕೊಂಡು ಬಂದಿದ್ದ.

"ಅಂಗಾರೆ ಪಂದ್ಯ," ಎಂದಳು ಅವಳು. "ಮುಟ್ಟುದ್ದು ಯಾರ್ಗೆ ಗೊತ್ತಾಯ್ತದೆ ನೋಡಾನ. ನೀವು ಸೋತ್ರೆ ಕುಳ ನೀರಿಗೆ."

ಒಂದು ಹುಲ್ಲುಕಡ್ಡಿ ತೆಗೆದು ಎತ್ತಿನ ಹೊಟ್ಟೆಗೆ ಸೋಕಿಸಿದಳು. ಸೋಕಿದಷ್ಟೇ ಜಾಗದ ಚರ್ಮ ಝುಮ್ಮೆಂದು ಅದುರಿತು. ಬೆನ್ನಿಗೆ, ತೊಡೆಗೆ ಸೋಕಿಸಿದಾಗಲೂ ಹಾಗೆಯೇ.

"ನೊಣದ ಕಾಲೇ ಗೊತ್ತಾಯ್ತದೆ. ಕಾದ ಕುಳ ಗೊತ್ತಾಗಾಕಿಲ್ವಾ? ಈಗ ನಿಮ್ಮ ಸರದಿ, ಕಣ್ಣು ಮುಚ್ಕಳಿ. ಮುಟ್ಟುದಾಗ ಊಂ ಅನ್ನಿ."

ಅವನ ಕುತ್ತಿಗೆಗೆ ಸೋಕಿಸಿದಳು. "ಊಂ." ಅಂಗೈಗೆ. "ಊಂ." ಬೊಬ್ಬೆಯ ಪಕ್ಕದಲ್ಲಿ ಒಂದು ಮಾಸಲು ಮಚ್ಚೆಯಿತ್ತು. ಅಲ್ಲಿಗೆ ಸೋಕಿಸಿದಳು, ಮಾತಿಲ್ಲ. ಆಟ ಆಡುತ್ತಿದ್ದಾನೆಂದುಕೊಂಡು ಕಡ್ಡಿಯ ಮೊನೆ ಒತ್ತಿದಳು. ಸೆರಗಿನ ಪಿನ್ನು ತೆಗೆದು ಚುಚ್ಚಿದಳು. ರಕ್ತದ ಹನಿ ಮೂಡಿತು.

"ಮುಟ್ಟಮ್ಮಿ, ಯಾಕ್ ಸುಮ್ಕಾದೆ?" ಎಂದ ಮರಿಯಯ್ಯ, ಕಣ್ಣು ಮುಚ್ಚಿಕೊಂಡೇ.

ಕೆಂಪಸಿದ್ದಯ್ಯ ಆ ಮಚ್ಚೆ ನೋಡಿ ದೂರ ಸರಿದ. "ಮಾರೋಗ ಕಣವ್ವ, ಕುಷ್ಠ. ನಾಲೆ ಆಚೆ ಇವ್ರುಗೊಂದು ಗುಡುಸ್ಲು ಆಕ್ಸಿ."

ಹೊಂಬಾಳಮ್ಮ ಕಾದ ಕುಳವನ್ನು ಇಕ್ಕಳದಲ್ಲಿ ಹಿಡಿದು ಬಾನಿಯ ನೀರಿಗೆ ಹಾಕಿದಳು. ಅದು ಚುರ್ರೆಂದಿತು.

"ಗುಡುಸ್ಲು ಆಕುದ್ರೆ ಇಬ್ರಿಗೂ ಆಕ್ಲಿ. ಮೊದ್ಲು ಮಂಡ್ಯದ ಆಸ್ಪತ್ರೆ."

ಕಣ್ಣು ಬಿಟ್ಟು ತನ್ನ ತೋಳಿನ ರಕ್ತವನ್ನೇ ನೋಡುತ್ತಿದ್ದ ಗಂಡನನ್ನು ರಟ್ಟೆ ಹಿಡಿದು ಗಾಡಿಗೆ ಹತ್ತಿಸಿದಳು. ಹಳೆಯ ಎತ್ತಿನ ಜೊತೆಗೆ ಬಿಳಿಯದನ್ನು ತಾನೇ ಕಟ್ಟಿದಳು. ಬರೆ ಬೀಳದ ಎತ್ತು ಆ ಮನೆಯಲ್ಲಿ ಮೊದಲ ಸಲ ನೊಗ ಹೊತ್ತಿತು.