ಸದಸ್ಯರನ್ನೇ ಕರೆಯಿರಿ

ಅವಳು ಹಿಡಿದ ಹಟ ಬಿಟ್ಟವಳೇ ಅಲ್ಲ. ಕಾರು ಕಲಿಸುವುದು ಅವಳ ಕೆಲಸ. ಕಲಿಯುವವರ ಪಕ್ಕದಲ್ಲಿ ಕೂತು, ತನ್ನ ಕಾಲಡಿಯ ಇನ್ನೊಂದು ಬ್ರೇಕನ್ನು ಒತ್ತಿ ಒತ್ತಿ ಅದು ಎಂಥ ಚಾಳಿಯಾಗಿತ್ತೆಂದರೆ, ಮಗಳ ಜಿಮ್ನಾಸ್ಟಿಕ್ಸ್ ಕ್ಲಾಸಿನಲ್ಲೂ ಆ ಕಾಲು ಸುಮ್ಮನಿರುತ್ತಿರಲಿಲ್ಲ. ಮಗಳಿಗೆ ಏಳು ವರ್ಷ. ಅಪ್ಪ ಕರೆಯುವುದು ಸಾಸಿವೆ ಎಂದು, ಗಾತ್ರವೂ ಹಾಗೆಯೇ, ಸಿಡಿಯುವುದೂ ಹಾಗೆಯೇ. ಸಾಸಿವೆ ಅಂಗೈ ಅಗಲದ ತೊಲೆಯ ಮೇಲೆ ಹೆಜ್ಜೆಯಿಟ್ಟರೆ ಗಾಜಿನ ಈಚೆ ಕುರ್ಚಿಯಲ್ಲಿ ಕೂತ ಅಮ್ಮನ ಕಾಲು ನೆಲ ಒತ್ತುತ್ತಿತ್ತು, ಕೈ ‘ನಿಧಾನ, ನಿಧಾನ’ ಎನ್ನುತ್ತಿತ್ತು. ಹುಡುಗಿ ಅರ್ಧದಲ್ಲಿ ಈ ಕಡೆ ನೋಡುತ್ತಿದ್ದಳು, ಬೀಳುತ್ತಿದ್ದಳು. ಮನೆಗೆ ಬರುವ ದಾರಿಯುದ್ದಕ್ಕೂ ಅಳು.

ಮಗು ಅಳುವ ಜಾಗಕ್ಕೆ ಮಗುವನ್ನು ಕಳಿಸುವುದು ಯಾವ ಸೌಭಾಗ್ಯಕ್ಕೆ? ಬಿಡಿಸಿಯೇ ಬಿಡುವುದೆಂದು ಅಮ್ಮ ತೀರ್ಮಾನಿಸಿದಳು.

ಸೇರುವುದು ನೀರು ಕುಡಿದಷ್ಟು ಸುಲಭ. ಬಿಡುವುದಕ್ಕೆ ಮಾತ್ರ ಏಳು ಕೆರೆ ನೀರು ಕುಡಿಯಬೇಕು. ಕ್ಲಾಸಿನವರ ನಂಬರಿಗೆ ಫೋನ್ ಮಾಡಿದರೆ, ‘ನಿಮ್ಮ ಕರೆ ನಮಗೆ ಅಮೂಲ್ಯ’ ಎಂದು ಹೇಳಿ ಸಂಗೀತ ಹಾಕಿ ಹೋದವರು ಎಷ್ಟೋ ಹೊತ್ತು ಪತ್ತೆಯಿಲ್ಲ. ಅಮೂಲ್ಯವಾದವರ ಪಾಡೇ ಹೀಗಾದರೆ ಬೇಡದವರ ಗತಿ ದೇವರೇ ಬಲ್ಲ. ಅವಳು ಫೋನಿಡಲಿಲ್ಲ. ಕೊನೆಗೆ ಒಂದು ಎಳೆ ದನಿ ಸಿಕ್ಕಿತು.

“ಮೇಡಂ, ರದ್ದು ಮಾಡ್ಬೇಕಂದ್ರೆ ಸದಸ್ಯರೇ ಹೇಳ್ಬೇಕು.”

“ನಾನು ಅವಳ ತಾಯಿ ಕಣಮ್ಮ.”

“ಇರಬಹುದು ಮೇಡಂ. ಆದ್ರೆ ಇಲ್ಲಿ ಪೋಷಕರು ಅನ್ನೋ ಕಡೇನೂ ಮಗುವಿನ ಹೆಸರೇ ಇದೆ. ಬೇರೆಯವರ ಜೊತೆ ನಾವು ಮಾತಾಡೋ ಹಾಗಿಲ್ಲ.”

ಅವಳು ಗಂಡನತ್ತ ತಿರುಗಿದಳು. ಸೇರಿಸಿದವನು ಅವನೇ.

“ಎರಡು ಕಡೆ ಹೆಸರು ಕೇಳಿದ್ರು,” ಎಂದ ಅವನು ತಲೆ ಕೆರೆದುಕೊಂಡು. “ಎರಡು ಕಡೇನೂ ಅವಳದ್ದೇ ಕೊಟ್ಟೆ.”

ಇಂಥವನನ್ನು ಕಟ್ಟಿಕೊಂಡ ಮೇಲೆ ಬೈದು ಏನು ಬಂತು? ಅವಳು ಸಾಸಿವೆಯನ್ನು ಕರೆದು ಫೋನಿನ ಸ್ಪೀಕರ್ ಹಾಕಿದಳು. “ಬಿಡ್ತೀನಿ ಅಂತ ಹೇಳು, ಅಷ್ಟೇ.”

“ನಮಸ್ಕಾರ ಮೇಡಂ,” ಎಂದಿತು ಆ ದನಿ, ಕಲಿಸಿಕೊಟ್ಟ ವಿನಯದಲ್ಲಿ. “ನೀವು ಯಾಕೆ ಬಿಡ್ತಿದೀರಿ ಅಂತ ಕೇಳಬಹುದಾ?”

ಸಾಸಿವೆಯನ್ನು ಇದುವರೆಗೆ ಯಾರೂ ‘ನೀವು’ ಎಂದಿರಲಿಲ್ಲ. ಅವಳು ಬೆನ್ನು ನೆಟ್ಟಗೆ ಮಾಡಿ ಕೂತಳು.

“ನಾನು ಬಿಡ್ತಿಲ್ಲ.”

“ಹಾಗಾದ್ರೆ ಏನಾದ್ರೂ ತೊಂದ್ರೆ ಇದೆಯಾ ಮೇಡಂ?”

“ಇದೆ. ಅಮ್ಮ ಗಾಜಿನ ಹತ್ರ ಕೂತು, ನಾನು ಆಗಲೇ ಬಿದ್ದೋದೆ ಅನ್ನೋ ಥರ ಮುಖ ಮಾಡ್ತಾಳೆ. ಅದನ್ನ ನೋಡಿ ಬೀಳ್ತೀನಿ. ಅಮ್ಮನ್ನ ರದ್ದು ಮಾಡಕ್ಕಾಗತ್ತಾ?”

ಆಚೆ ಕಡೆ ಕಂಪ್ಯೂಟರಿನ ಕೀಲಿಗಳನ್ನು ಒತ್ತುವ ಸದ್ದು. “ಅದು ನಮ್ಮ ವಿಭಾಗಕ್ಕೆ ಬರಲ್ಲ ಮೇಡಂ.”

ಗಂಡ ನಗು ತಡೆಯಲು ಒಳಗೆ ಹೋದ. ಅಮ್ಮನಿಗೆ ಮೊದಲು ಸಿಟ್ಟು ನೆತ್ತಿಗೇರಿತು. ಹೊತ್ತು ಹೆತ್ತವಳ ಮೇಲೆ ದೂರು, ಅದೂ ಗುರುತು ಪರಿಚಯವಿಲ್ಲದವರ ಹತ್ತಿರ. ಆಮೇಲೆ ನಾಚಿಕೆಯಾಯಿತು. ಇಷ್ಟು ದಿನ ಅಳುವವಳನ್ನು ಯಾಕೆ ಎಂದು ತಾನು ಕೇಳಿರಲೇ ಇಲ್ಲ. ಆ ಗುರುತಿಲ್ಲದ ದನಿ ಒಂದೇ ಮಾತಿನಲ್ಲಿ ಕೇಳಿತ್ತು.

“ರದ್ದು ಬೇಡ,” ಎಂದು ಹೇಳಿ ಫೋನಿಟ್ಟಳು.

ಮುಂದಿನ ಕ್ಲಾಸಿನ ದಿನ ಮಗಳನ್ನು ಒಳಗೆ ಬಿಟ್ಟವಳು ಗಾಜಿನ ಕಡೆ ತಿರುಗಿಯೂ ನೋಡದೆ ಕೆಳಗಿಳಿದು ಮೆಟ್ಟಿಲ ಮೇಲೆ ಕೂತಳು. ನೋಡುವುದಿಲ್ಲ ಎಂದರೆ ನೋಡುವುದಿಲ್ಲ. ಮೇಲಿನಿಂದ ಧಡ್ ಎಂಬ ಸದ್ದು ಬಂತು. ಬಿದ್ದದ್ದು ತನ್ನ ಮಗಳೇ ಎಂದು ಅವಳಿಗೆ ಗೊತ್ತಾಯಿತು. ಎದ್ದು ನಿಂತವಳು ಮೆಟ್ಟಿಲ ಕಂಬಿಯನ್ನು ಗಟ್ಟಿಯಾಗಿ ಹಿಡಿದಳು.

ಇನ್ನೊಂದು ಮಗುವಿನ ತಾಯಿ ಮೇಲಿಂದ ಬಗ್ಗಿ ಹೇಳಿದಳು. “ನಿಮ್ಮ ಮಗಳು ಬಿದ್ಲು ಕಣ್ರೀ.”

“ಅಳ್ತಿದಾಳಾ?”

“ಇಲ್ಲ. ಮತ್ತೆ ಹತ್ತಿದಾಳೆ.”

“ಗಾಜಿನ ಕಡೆ ನೋಡಿದ್ಲಾ?”

“ಇಲ್ವಲ್ಲ, ಒಂದ್ಸಲಾನೂ ನೋಡಿಲ್ಲ.”

ಸಂತೋಷವಾಯಿತು. ಅದಕ್ಕಿಂತ ಒಂದು ತೂಕ ಹೆಚ್ಚೇ ನೋವಾಯಿತು. ಅವಳು ಕಂಬಿ ಬಿಟ್ಟು, ಕ್ಲಾಸು ಮುಗಿಯುವ ತನಕ ಅಲ್ಲೇ ಕೂತಳು.