ಅಮ್ಮನ ಕೈಯ ಸೂಜಿ

ಅಕ್ಕನ ಫೋಟೋಗಳನ್ನು ಇಂಟರ್ನೆಟ್ಟಿನಲ್ಲಿ ಮಾರಾಟಕ್ಕಿಡೋಣ ಎಂದು ಹೊರಟಾಗ ನಮ್ಮ ಮೊದಲ ಜಗಳ ಆದದ್ದು ಕಾಗದಕ್ಕಾಗಿ. ನಾನು ಹೊಳಪಿನ ಕಾಗದ ಚೆಂದ ಅಂದೆ. ಅದರ ಮೇಲೆ ಬೆಳಕು ಬಿದ್ದರೆ ನೋಡುವವರ ಮೂತಿಯೇ ಕಾಣುತ್ತದೆ, ಚಿತ್ರ ಕಾಣುವುದಿಲ್ಲ ಎಂದು ಅವಳು ಹೊಳಪಿಲ್ಲದ ಮ್ಯಾಟ್ ಕಾಗದಕ್ಕೇ ಪಟ್ಟು ಹಿಡಿದಳು.

ಎರಡನೆಯ ಜಗಳ ದೊಡ್ಡದು. ಮಾರಾಟದ ಜಾಲತಾಣದಲ್ಲಿ ಎರಡು ದಾರಿಗಳಿದ್ದವು. ಫೈಲ್ ಕೊಟ್ಟು ನಾವು ಸುಮ್ಮನಿದ್ದರೆ, ಆರ್ಡರ್ ಬಂದಾಗ ಫೋಟೋ ಲ್ಯಾಬಿನವರೇ ಪ್ರಿಂಟ್ ಹಾಕಿ, ಕೊಂಡವರ ಮನೆಗೆ ಕಳಿಸಿಬಿಡುತ್ತಾರೆ. ಇಲ್ಲವೆಂದರೆ ಪ್ರತಿಯೊಂದು ಪ್ರಿಂಟೂ ಮೊದಲು ನಮ್ಮ ಮನೆಗೆ ಬರುತ್ತದೆ. ಅಕ್ಕ ನೋಡಿ ಸಹಿ ಹಾಕಿದ ಮೇಲೆ ನಾವು ಕಳಿಸಬೇಕು. ಅಂಚೆಯಲ್ಲಿ ಮಡಚಿಹೋದರೆ, ನೆನೆದುಹೋದರೆ, ವಿಳಾಸ ತಪ್ಪಿದರೆ ಏನು ಗತಿ ಎಂದು ನಾನು ಮೊದಲನೆಯದಕ್ಕೇ ಜೋತುಬಿದ್ದೆ. ಅಕ್ಕ ಜಗ್ಗಲಿಲ್ಲ.

"ನಾನು ನೋಡದ ಪ್ರಿಂಟು ಯಾರ ಗೋಡೆಗೂ ಹೋಗಬಾರದು ಕಣೇ. ರುಚಿ ನೋಡದೆ ಬಡಿಸ್ತಾರಾ ಯಾರಾದರೂ?"

ಪೇಪರ್ ಓದುತ್ತಿದ್ದ ಭಾವ ತಲೆ ಎತ್ತದೆಯೇ, ಮೊಸರಲ್ಲಿ ಕಲ್ಲು ಹುಡುಕುವವಳ ಜೊತೆ ಇಷ್ಟು ವರ್ಷ ಬಾಳಿದ್ದಕ್ಕೆ ನನಗೂ ಒಂದು ಸಹಿ ಹಾಕಿಕೊಡಲಿ ಅಂದರು. ನಿಮ್ಮನ್ನು ನೋಡಿಯೂ ಒಪ್ಪಿಕೊಂಡೆನಲ್ಲ, ನನ್ನ ಕಣ್ಣು ಮೋಸಹೋದದ್ದು ಅದೊಂದೇ ಸಲ ಅಂದಳು ಅಕ್ಕ. ಮೂವರೂ ನಕ್ಕೆವು.

ಅವಳ ಹಟ ನನಗೆ ಅರ್ಥವಾಗದ್ದೇನಲ್ಲ. ಬದುಕಿಡೀ ಸ್ಟುಡಿಯೋದಲ್ಲಿ ಪಾಸ್‌ಪೋರ್ಟ್ ಫೋಟೋ ತೆಗೆದವಳು. ಗದ್ದ ಸ್ವಲ್ಪ ಮೇಲೆ, ನಗಬೇಡಿ, ಆಯ್ತು, ಮುಂದಿನವರು ಬನ್ನಿ. ಆ ಫೋಟೋಗಳನ್ನು ಯಾರೂ ಗೋಡೆಗೆ ಹಾಕುವುದಿಲ್ಲ. ತನಗೆಂದು ತೆಗೆದವು ಮಾತ್ರ ಹಾರ್ಡ್ ಡಿಸ್ಕಿನೊಳಗೇ ಕೂತಿದ್ದವು. ಅವುಗಳಲ್ಲಿ ಒಂದಾದರೂ ತಾನು ಅಂದುಕೊಂಡ ಹಾಗೆಯೇ ಮೂಡಿ, ಗುರುತಿಲ್ಲದವರ ಗೋಡೆಗೇರಬೇಕು ಎಂಬುದೊಂದೇ ಅವಳ ಆಸೆ. ಎಲ್ಲಕ್ಕಿಂತ ಮೊದಲು ಅಮ್ಮನದು. ಅಮ್ಮ ತೀರಿಕೊಂಡ ವರ್ಷ ತೆಗೆದದ್ದು ಅದು: ಕಿಟಕಿಯ ಪಕ್ಕ ಕೂತು ಅಂಗಿಗೆ ಗುಂಡಿ ಹಾಕುತ್ತಿದ್ದಾಳೆ, ಬೆರಳುಗಳ ನಡುವೆ ಸೂಜಿ ತೆಳ್ಳಗೆ ಮಿಂಚುತ್ತಿದೆ.

ಆ ಫೈಲನ್ನು ಅಕ್ಕ ದಿನಗಟ್ಟಲೆ ಕೂತು ತಿದ್ದಿದಳು. ನಾನು ಅವಳನ್ನೇ ಗಮನಿಸುತ್ತಿದ್ದೆ. ಹಾಡಹಗಲಲ್ಲೇ ಲೈಟು ಹಾಕು ಅನ್ನುವಳು. ಲೋಟ ತುಂಬಿದ ಮೇಲೂ ನೀರು ಬಗ್ಗಿಸುವಳು. ಬಾಗಿಲು ದಾಟುವಾಗ ಚೌಕಟ್ಟು ಮುಟ್ಟಿ ನೋಡುವಳು. ಕೇಳಿದರೆ, ನಿನಗೆ ಕಂಡ ಹಗ್ಗವೆಲ್ಲ ಹಾವು ಎಂದು ಬಾಯಿ ಮುಚ್ಚಿಸುವಳು.

ಲ್ಯಾಬಿನಿಂದ ಮಾದರಿ ಪ್ರಿಂಟ್ ರಟ್ಟಿನ ಕೊಳವೆಯಲ್ಲಿ ಬಂತು. ಊಟದ ಮೇಜಿನ ಮೇಲೆ ಬಿಡಿಸಿ, ಸುರುಳಿ ಸುತ್ತಿಕೊಳ್ಳದಂತೆ ಮೂಲೆಗಳಿಗೆ ಲೋಟ ಇಟ್ಟೆ. ನೋಡಿದರೆ ಚಿತ್ರ ಪೂರಾ ಬಿಳಿಚಿಕೊಂಡಿತ್ತು. ಅಮ್ಮನ ಕೆನ್ನೆ, ಅಂಗಿ, ಕಿಟಕಿ ಎಲ್ಲ ಒಂದೇ ಬಿಳುಪು, ಸುಣ್ಣ ಬಳಿದ ಹಾಗೆ. ಲ್ಯಾಬಿನವರು ಹಾಳುಮಾಡಿದ್ದಾರೆ, ಜೋರುಮಾಡಿ ಕೇಳಬೇಕು ಎಂದು ನಾನು ಮನಸ್ಸಿನಲ್ಲೇ ಮಾತು ಜೋಡಿಸುತ್ತಿದ್ದೆ.

ಅಕ್ಕ ಪ್ರಿಂಟನ್ನು ಕಿಟಕಿಗೆ ಒಯ್ದು, ಮುಖದ ಹತ್ತಿರ ಹಿಡಿದು, ಓರೆ ಮಾಡಿ ನೋಡಿದಳು.

"ಇನ್ನೂ ಸ್ವಲ್ಪ ಕಪ್ಪಾಯ್ತು, ಅಲ್ವೇನೇ? ಇನ್ನೊಂಚೂರು ಬೆಳಕು ಕೊಡಬೇಕಿತ್ತು."

ಲ್ಯಾಬಿನವರು ಏನೂ ಮಾಡಿರಲಿಲ್ಲ. ತನ್ನ ಕಣ್ಣು ಮಬ್ಬಾದಷ್ಟೂ ಇವಳು ಚಿತ್ರಕ್ಕೆ ಬೆಳಕು ಸುರಿದಿದ್ದಳು, ತುಂಬಿದ ಲೋಟಕ್ಕೆ ನೀರು ಸುರಿದ ಹಾಗೆ.

ಅಕ್ಕ ನನ್ನ ಕಡೆ ತಿರುಗಿ, ಪ್ರಿಂಟನ್ನು ಕೆಳಗಿಳಿಸಿದಳು.

"ಅಮ್ಮನ ಕೈಯಲ್ಲಿ ಸೂಜಿ ಕಾಣುತ್ತಾ? ನಿಜ ಹೇಳು."

"ಇಲ್ಲ ಅಕ್ಕ."

ಭಾವನ ಪೇಪರಿನ ಸದ್ದು ನಿಂತಿತು. ಅಕ್ಕ ಕುರ್ಚಿಯನ್ನು ತಡವಿ ಕೂತಳು. ಕಣ್ಣಿನ ನರ ಒಣಗುತ್ತಿದೆಯಂತೆ, ಹೋದದ್ದು ಹೋಯಿತು, ವಾಪಸ್ ಬರುವುದಿಲ್ಲ ಎಂದು ಡಾಕ್ಟರು ಹೇಳಿದ್ದನ್ನು ಆಗ ಹೇಳಿದಳು, ಬೇರೆ ಯಾರದೋ ಸುದ್ದಿ ಹೇಳುವಂತೆ. ಒಬ್ಬಳೇ ಹೋಗಿ ತೋರಿಸಿಕೊಂಡು ಬಂದಿದ್ದಳು. ಭಾವ ಎದ್ದು ಬಂದು ಅವಳ ಕುರ್ಚಿಯ ಬೆನ್ನು ಹಿಡಿದು ನಿಂತರು.

ನಾನು ತಿದ್ದುವ ಮುಂಚಿನ ಫೈಲ್ ತೆರೆದೆ. ಸೂಜಿ ಅಲ್ಲೇ ಇತ್ತು, ಕೂದಲೆಳೆಯಷ್ಟು. ಇದರಲ್ಲಿ ಇದೆ ಅಂದೆ.

"ಹಾಗಾದ್ರೆ ಅದನ್ನೇ ಕೊಡು. ಲ್ಯಾಬಿನವರೇ ಕಳಿಸಲಿ, ಇಲ್ಲಿಗೆ ಬರೋದು ಬೇಡ."

"ಸಹಿ?" ಅಂದೆ. ನೀನು ಬರೀ ಸಹಿ ಹಾಕು, ಪ್ರಿಂಟನ್ನು ನಾನು ನೋಡುತ್ತೇನೆ ಎಂದೂ ಸೇರಿಸಿದೆ.

"ನೋಡದೇ ಇದ್ದದ್ದಕ್ಕೆ ಸಹಿ ಹಾಕಬಾರದು ಕಣೇ."

ಮೊದಲನೆಯ ದಾರಿಯನ್ನೇ ಆರಿಸಿ ಒತ್ತಿದೆ. ನನಗೆ ಬೇಕಾಗಿದ್ದದ್ದೂ ಅದೇ ಆಗಿತ್ತು. ಅಮ್ಮ ಈಗ ನಾವು ಕಾಣದ ಮನೆಗಳಲ್ಲಿ ಗುಂಡಿ ಹೊಲಿಯುತ್ತಿದ್ದಾಳೆ. ಆರ್ಡರ್ ಬಂದಾಗೆಲ್ಲ ಅಕ್ಕನಿಗೆ ಹೇಳುತ್ತೇನೆ. ಯಾವ ಗೋಡೆಗೋ ಏನೋ ಅನ್ನುತ್ತಾಳೆ.

ಬಿಳಿಚಿದ ಆ ಪ್ರಿಂಟನ್ನು ಅಕ್ಕ ಬಿಸಾಡಲು ಬಿಡಲಿಲ್ಲ. ನನಗೆ ಅಮ್ಮ ಕಾಣುವುದು ಇದರಲ್ಲೇ ಎಂದು ಮಂಚದ ಎದುರಿಗೆ ಹಾಕಿಸಿಕೊಂಡಳು. ಬಂದವರು, ಇದೇನು, ಬರೀ ಬಿಳಿ ಹಾಳೆ ತೂಗುಹಾಕಿದ್ದೀರಲ್ಲ ಅನ್ನುತ್ತಾರೆ.

ಮೊನ್ನೆ ಅವಳು ಅದರ ಮುಂದೆ ಬಹಳ ಹೊತ್ತು ನಿಂತಿದ್ದಳು. ಆಮೇಲೆ ನನ್ನನ್ನು ಕರೆದು, ಮ್ಯಾಟ್ ಕಾಗದ ದಿನ ಹೋದಂತೆ ಕಪ್ಪಾಗುತ್ತದೇನೇ ಎಂದು ಕೇಳಿದಳು. ಹಳತಾದರೆ ಯಾವ ಕಾಗದದ ಚಿತ್ರವೂ ಮಾಸಿ ಬಿಳಿಚುತ್ತದೆ, ಅದು ನನಗಿಂತ ಅವಳಿಗೇ ಚೆನ್ನಾಗಿ ಗೊತ್ತು.

ನಾನು ಹೋಗಿ ಲೈಟು ಹಾಕಿದೆ.